ಗದ್ದೆಗಪ್ಪೆ ವಿಂಗಡಣೆ: ಮೊದಲು ಕೂಗು, ಆಮೇಲೆ ಡಿಎನ್‌ಎ

ಮಿನರ್ವೇರಿಯಾ ಕುಲದ ಪುಟ್ಟ ಗದ್ದೆಗಪ್ಪೆಗಳ ಪ್ರಭೇದಗಳನ್ನು ಕೂಗಿನಿಂದ ಬೇರ್ಪಡಿಸಲಾಗದು, ಚಳಿಯಾದರೆ ಕೂಗಿನೊಳಗಿನ ಮಿಡಿತ (ಪಲ್ಸ್) ನಿಧಾನವಾಗಿ ಒಂದೇ ಪ್ರಭೇದ ಎರಡಾಗಿ ಕಾಣುತ್ತದೆ ಎಂದು ಬಹಳ ಮಂದಿ ಹೇಳಿದ್ದರು. ತೊಂದರೆ ನಿಜವೇ. ಹಾಗಾಗಿಯೇ ಪ್ರತಿ ಕೂಗಿನ ಜೊತೆ ಉಷ್ಣಾಂಶ ಬರೆದುಕೊಂಡು ಪಲ್ಸ್ ದರವನ್ನು ಅದರೆದುರು ಗ್ರಾಫಿಗೆ ಹಾಕಿದೆ. ಮಲೆನಾಡಿನ ಗದ್ದೆಗಳಲ್ಲಿ ಮೂರು ಮಳೆಗಾಲ, ಸುಮಾರು 140 ಗಂಡುಗಳು. ಚುಕ್ಕಿಗಳು ಮೂರು ಬೇರೆ ಓರೆಗೆರೆಗಳಲ್ಲಿ ನಿಂತವು. ಪ್ರಭೇದ ಗುರುತಿಸಲು ಬಳಸುವ 16ಎಸ್ ಎಂಬ ಜೀನಿನ ಡಿಎನ್‌ಎ ಓದಿಸಿದಾಗ ಬಂದದ್ದೂ ಅವೇ ಮೂರು ಗುಂಪು.

ಮೊದಲ ವರ್ಷದ ದಾಖಲೆ ಪೂರ್ತಿ ಹಾಳು. ಮೊಬೈಲು ತಾನೇ ಧ್ವನಿಯನ್ನು ಏರಿಸಿ ಇಳಿಸುವುದರಿಂದ ಪಲ್ಸಿನ ಎತ್ತರಕ್ಕೆ ಅರ್ಥವೇ ಉಳಿಯಲಿಲ್ಲ. ಈಗ ಡಬ್ಲ್ಯುಎವಿ ಫೈಲು, 44.1 ಕಿಲೋಹರ್ಟ್ಸ್, 16 ಬಿಟ್, ಗೇನ್ (ಧ್ವನಿಯ ಮಟ್ಟ) ಕೈಯಿಂದಲೇ ಹೊಂದಿಸುತ್ತೇನೆ. ಮೈಕು ಅರ್ಧ ಮೀಟರ್ ದೂರ. ಕಪ್ಪೆ ಅರ್ಧ ಮುಳುಗಿ ಕೂತಿದ್ದರೆ ಗಾಳಿಯ ಉಷ್ಣಾಂಶ ಸಾಲದು, ತಂತಿ ಪ್ರೋಬನ್ನು ಅದರ ಹೊಟ್ಟೆ ತಾಗುವ ನೀರಿಗೇ ಇಡಬೇಕು. ನನ್ನಲ್ಲಿ ಎರಡರ ನಡುವೆ ಮೂರು ಡಿಗ್ರಿವರೆಗೆ ವ್ಯತ್ಯಾಸ ಸಿಕ್ಕಿದೆ. ಟಾರ್ಚ್ ಬಿದ್ದು ಸುಮ್ಮನಾದ ಗಂಡನ್ನು ಮತ್ತೆ ಕೂಗಿಸಲು ನನ್ನದೇ ಒಂದು ಉಪಾಯವಿದೆ. ಅದನ್ನು ಸದ್ಯ ಇಲ್ಲಿ ಬರೆಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಕೂಗಿದ್ದು ಒಂದು, ಹಿಡಿದದ್ದು ಪಕ್ಕದ್ದು ಎಂಬುದು. ಗಂಟಲಚೀಲ ಉಬ್ಬುವುದನ್ನು ಕಣ್ಣಾರೆ ಕಂಡ ಕಪ್ಪೆಗೆ ಮಾತ್ರ ಸಂಖ್ಯೆ ಕೊಡಿ. ಈ ನಿಯಮದಿಂದ ಮೂರರಲ್ಲಿ ಒಂದು ದಾಖಲೆ ಕೈಬಿಟ್ಟೆ, ಗೆರೆಗಳು ಸ್ಪಷ್ಟವಾದದ್ದೂ ಆಮೇಲೆಯೇ.

ಖರ್ಚು ಉಳಿದದ್ದು ಮೊದಲು ಕೂಗಿನಿಂದ ಗುಂಪು ಮಾಡಿದ್ದರಿಂದಲೇ. ಒಂದು ಮಾದರಿಯ ಡಿಎನ್‌ಎಗೆ ಎರಡೂ ದಿಕ್ಕಿನ ಓದು ಸೇರಿ ಏಳೆಂಟು ನೂರು ರೂಪಾಯಿ ಬಿತ್ತು. 140ಕ್ಕೂ ಮಾಡಿಸಿದ್ದರೆ ಲಕ್ಷದ ಆಸುಪಾಸಾಗುತ್ತಿತ್ತು. ಗುಂಪಿಗೆ ಐದಾರರಂತೆ, ಗೆರೆಗಳ ನಡುವೆ ಬಿದ್ದ ನಾಲ್ಕನ್ನೂ ಸೇರಿಸಿ ಕಳಿಸಿದೆ. ಹದಿನೈದು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಒಂದು ಕಂತು ಮಾತ್ರ ವ್ಯರ್ಥ: ಫಾರ್ಮಲಿನ್ನಿಗೆ ಹಾಕಿದ ಮೇಲೆ ತೆಗೆದ ಸ್ನಾಯುವಿನಲ್ಲಿ ಪಿಸಿಆರ್ (ಡಿಎನ್‌ಎಯ ಪ್ರತಿ ಹೆಚ್ಚಿಸುವ ಹಂತ) ಆಗಲೇ ಇಲ್ಲ. ಅಂಗಾಂಶ ಮೊದಲು, ಶುದ್ಧ ಎಥನಾಲಿನಲ್ಲಿ, ಫಾರ್ಮಲಿನ್ ನಂತರ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕಿ, ಮಾರ್ಕರ್ ಶಾಯಿ ಆಲ್ಕೋಹಾಲಿಗೆ ಕರಗಿ ಹೋಗುತ್ತದೆ.

ಕಪ್ಪೆಯ ಮೈಯಳತೆಯನ್ನು ಒಬ್ಬರೇ ಮಾಡಲಿ, ಮೂರು ಸಲ. ಇಪ್ಪತ್ತು ಮಿಲಿಮೀಟರಿನ ಕಪ್ಪೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಶೇಕಡಾ ಎರಡೂವರೆ. ಬೆನ್ನಿನ ಬಣ್ಣ, ನಡುಗೆರೆಗಳಿಂದ ಗುಂಪು ಮಾಡಲು ನೋಡಿದೆ. ಒಂದೇ ಗದ್ದೆಯ, ಒಂದೇ ಕೂಗಿನ ಗಂಡುಗಳಲ್ಲಿ ಗೆರೆ ಇದ್ದದ್ದೂ ಇಲ್ಲದ್ದೂ ಸಿಕ್ಕಿ ಬಿಟ್ಟುಬಿಟ್ಟೆ. ಇದೇ ವಿಧಾನವನ್ನು ಕರಾವಳಿಯ ಮುರಕಲ್ಲಿನ ಬಯಲಲ್ಲಿ ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಕಪ್ಪೆಯ ಮೇಲೂ ಹಾಕಿ ನೋಡಿದೆ. 2016ರಲ್ಲಿ ಮಣಿಪಾಲದಿಂದ ವಿವರಿಸಿದ, ಒಂದೂವರೆ ಸೆಂಟಿಮೀಟರ್ ಚಿಲ್ಲರೆಯ ಈ ಕಪ್ಪೆಯ ಕೂಗು ಜೀರುಂಡೆಯದೇ ಅನ್ನಿಸುತ್ತದೆ. ನನ್ನ ಫೈಲುಗಳಲ್ಲಿ ಹತ್ತರಲ್ಲಿ ನಾಲ್ಕು ನಿಜವಾಗಿಯೂ ಜೀರುಂಡೆಗಳೇ ಆಗಿದ್ದವು.

ಗದ್ದೆಗಪ್ಪೆಗಳ ಮೂರನೆಯ ಗುಂಪು ಜೆನ್‌ಬ್ಯಾಂಕಿನ (ಡಿಎನ್‌ಎ ಅನುಕ್ರಮಗಳ ಸಾರ್ವಜನಿಕ ಸಂಗ್ರಹ) ಯಾವುದಕ್ಕೂ ಹತ್ತಿರವಿಲ್ಲ, 16ಎಸ್‌ನಲ್ಲಿ ಅಂತರ ಶೇಕಡಾ ನಾಲ್ಕರ ಮೇಲಿದೆ. ಅಷ್ಟಕ್ಕೇ ಹೊಸದೆಂದು ಹೆಸರಿಡುವುದು ತಪ್ಪು. ಅಲ್ಲಿ ತಪ್ಪು ಹೆಸರಿನ ಅನುಕ್ರಮಗಳೂ ಇವೆ, ಡಿಎನ್‌ಎ ಇನ್ನೂ ಅಲ್ಲಿಗೆ ಸೇರದ ಹಳೆಯ ಹೆಸರುಗಳೂ ಇವೆ. ಹೋಲಿಕೆಗೆ ಇದೇ ಕುಲದಲ್ಲಿ ಈಗಾಗಲೇ ಹೆಸರಿಟ್ಟ ಕುದುರೆಮುಖೆನ್ಸಿಸ್, ಮುದ್ದುರಾಜ, ಕ್ಯಾಪೆರಾಟಾ, ಗ್ರಾನೋಸಾ ನಾಲ್ಕರ ಮೂಲಸ್ಥಳದಲ್ಲೂ (ಹೆಸರಿಡಲು ಬಳಸಿದ ಮಾದರಿ ಸಿಕ್ಕ ಜಾಗ) ನೀರಿಗೆ ಪ್ರೋಬ್ ಇಟ್ಟು ಕೂಗು ದಾಖಲಿಸಬೇಕು. ಎರಡು ಮುಗಿದಿವೆ. ಉಳಿದೆರಡಕ್ಕೆ ಜೂನ್ ಮೊದಲ ಮಳೆ ಬೀಳಬೇಕು, ಅರಣ್ಯ ಇಲಾಖೆಯ ಅನುಮತಿ ಅಷ್ಟರೊಳಗೆ ಕೈಗೆ ಬರಬೇಕು.