ಎಸ್‌.ಪಿ. ರೋಡಿಗೆ ಹೋಗುವ ಮುನ್ನ: ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್‌ ಹಾಕುವುದು ಹೇಗೆ?

ವಿಂಡೋಸ್‌ 10ಕ್ಕೆ ಮೈಕ್ರೋಸಾಫ್ಟ್‌ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್‌ 14ಕ್ಕೆ ಮುಗಿಯಿತು. ಅಟ್ಟ ಸೇರಬೇಕಿದ್ದ ಲ್ಯಾಪ್‌ಟಾಪಿಗೆ ವಿಂಡೋಸ್‌ ಬದಲು ಲಿನಕ್ಸ್‌ ಎಂಬ ಉಚಿತ ಆಪರೇಟಿಂಗ್‌ ಸಿಸ್ಟಂ ಹಾಕಿ ನೋಡೋಣ ಎನ್ನುವವರು ಈಗ ನಮ್ಮ ಮನೆಯಲ್ಲೇ ಇದ್ದಾರೆ. ತಂಗಿಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಹೋಯಿತು, ವೈಫೈ ಒಂದು ಬಿಟ್ಟು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್‌ ಪೇಟೆಯಾದ ಎಸ್‌.ಪಿ. ರೋಡಿನ ಅಂಗಡಿಯೊಂದರಲ್ಲಿ ‘ವೈಫೈ ಕಾರ್ಡ್‌ ಹೋಗಿದೆ, ಬದಲಾಯಿಸಿ’ ಅಂದರು. ಕಾರ್ಡ್‌ ಹೋಗಿರಲಿಲ್ಲ. ಅದಕ್ಕೆ ಬೇಕಾದ ಒಂದು ಪುಟ್ಟ ಫೈಲ್‌ ಇರಲಿಲ್ಲ, ಅಷ್ಟೆ.

ಮೊದಲು ಬ್ಯಾಕಪ್‌ ಮಾಡಿಕೊಳ್ಳಿ. ಆಮೇಲೆ ಲಿನಕ್ಸ್‌ ಬರೆದಿಟ್ಟ ಪೆನ್‌ಡ್ರೈವ್‌ನಿಂದ ಬೂಟ್‌ ಮಾಡಿ, ಇನ್‌ಸ್ಟಾಲ್‌ ಒತ್ತದೆ ಲೈವ್‌ ಆಗಿಯೇ ಅರ್ಧ ಗಂಟೆ ಬಳಸಿ. ಧ್ವನಿ, ಟಚ್‌ಪ್ಯಾಡ್‌, ಕ್ಯಾಮೆರಾ ನೋಡಿ; ಮುಚ್ಚಳ ಮುಚ್ಚಿ ತೆರೆದರೆ ಎದ್ದೇಳುತ್ತದೆಯೇ ಎಂಬುದನ್ನೂ ನೋಡಿ, ಇದನ್ನು ಎಲ್ಲರೂ ಮರೆಯುತ್ತಾರೆ. ಪ್ರೊಸೆಸರ್‌ 32 ಬಿಟ್‌ನದಾಗಿದ್ದರೆ ಡೆಬಿಯನ್‌ ಎಂಬ ಲಿನಕ್ಸ್‌ ಬಗೆಯ 13ನೇ ಆವೃತ್ತಿಯ ಹಿಂದೆ ಬೀಳಬೇಡಿ, ಅದರಲ್ಲಿ 32 ಬಿಟ್‌ ಇನ್‌ಸ್ಟಾಲರೇ ಇಲ್ಲ. ಡೆಬಿಯನ್‌ 12ರಲ್ಲಿ ಇದೆ.

ಬೂಟ್‌ ಆಗುತ್ತಲೇ ಪರದೆ ಕಪ್ಪಾದರೆ ಸಾಮಾನ್ಯವಾಗಿ ಗ್ರಾಫಿಕ್ಸ್‌ನದೇ ತಕರಾರು. ಬೂಟ್‌ ಮೆನುವಿನಲ್ಲಿ ‘ಇ’ ಕೀ ಒತ್ತಿ, ‘ಲಿನಕ್ಸ್‌’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್‌’ (nomodeset) ಎಂದು ಒಂದೇ ಪದವಾಗಿ ಸೇರಿಸಿ, ಎಫ್‌10 ಒತ್ತಿ. ಲಿನಕ್ಸ್‌ ಮಿಂಟ್‌ನಲ್ಲಾದರೆ ಮೆನುವಿನಲ್ಲೇ ‘ಕಂಪ್ಯಾಟಿಬಿಲಿಟಿ ಮೋಡ್‌’ ಇದೆ. ಇದು ತಾತ್ಕಾಲಿಕ ಉಪಾಯ; ಸರಿಯಾದ ಡ್ರೈವರ್‌ ಹಾಕಿದ ಮೇಲೆ ತೆಗೆದುಬಿಡಿ.

ಇನ್‌ಸ್ಟಾಲರ್‌ಗೆ ಹಾರ್ಡ್‌ಡಿಸ್ಕೇ ಕಾಣದಿದ್ದರೆ ಬಯೋಸ್‌ಗೆ, ಅಂದರೆ ಲ್ಯಾಪ್‌ಟಾಪ್‌ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗಳಿಗೆ ಹೋಗಿ. ಅಲ್ಲಿ ಸಾಟಾ ಮೋಡ್‌ ‘ರೇಡ್‌’ ಎಂದಿದ್ದರೆ ‘ಎಎಚ್‌ಸಿಐ’ ಮಾಡಿ. ಆದರೆ ವಿಂಡೋಸ್‌ ಕೂಡ ಉಳಿಯಬೇಕೆಂದಿದ್ದರೆ ತಡೆಯಿರಿ: ಹೀಗೆ ಏಕಾಏಕಿ ಬದಲಿಸಿದರೆ ವಿಂಡೋಸ್‌ ಬೂಟ್‌ ಆಗದೆ ಹೋಗಬಹುದು.

ಇನ್ನು ವೈಫೈ. ತಲೆನೋವು ಹೆಚ್ಚು ಇದರದೇ. ಮೊದಲು ಲ್ಯಾಪ್‌ಟಾಪಿನ ಪಕ್ಕದಲ್ಲಿ ಪುಟ್ಟ ಸ್ವಿಚ್‌ ಇದೆಯೇ ತಡಕಾಡಿ, ನಗಬೇಡಿ, ಎಷ್ಟೋ ಸಲ ಅದೇ ಕಾರಣ. ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿ) ‘ಆರ್‌ಎಫ್‌ಕಿಲ್‌ ಲಿಸ್ಟ್‌’ (rfkill list) ಕೊಟ್ಟಾಗ ‘ಹಾರ್ಡ್‌ ಬ್ಲಾಕ್ಡ್‌: ಯೆಸ್‌’ ಎಂದು ಬಂದರೆ ಸಾಮಾನ್ಯವಾಗಿ ಸ್ವಿಚ್‌ ಆಫ್‌ ಆಗಿದೆ ಎಂದು ಅರ್ಥ. ಅದಲ್ಲದಿದ್ದರೆ ‘ಎಲ್‌ಎಸ್‌ಪಿಸಿಐ’ ಬರೆದು, ಜಾಗ ಬಿಟ್ಟು ‘-ಎನ್‌ಎನ್‌ಕೆ’ ಸೇರಿಸಿ (lspci -nnk) ಎಂಟರ್‌ ಒತ್ತಿ, ಅಕ್ಷರಗಳೆಲ್ಲ ಇಂಗ್ಲಿಷಿನ ಚಿಕ್ಕವು. ಪಟ್ಟಿಯಲ್ಲಿ ನೆಟ್‌ವರ್ಕ್‌ ಕಂಟ್ರೋಲರ್‌ ಹೆಸರಿದ್ದರೆ ಕಾರ್ಡ್‌ ಬದುಕಿದೆ. ಅದರ ಕೆಳಗೆ ‘ಕರ್ನೆಲ್‌ ಡ್ರೈವರ್‌ ಇನ್‌ ಯೂಸ್‌’ ಎಂಬ ಸಾಲು ಇಲ್ಲದಿದ್ದರೆ ಡ್ರೈವರ್‌ ಕೂತಿಲ್ಲ. ಸಾಲು ಇದ್ದೂ ವೈಫೈ ಇಲ್ಲವೆಂದರೆ ಫರ್ಮ್‌ವೇರ್‌ ಮೇಲೆ, ಅಂದರೆ ಕಾರ್ಡ್‌ ನಡೆಯಲು ಬೇಕಾದ ಆ ಪುಟ್ಟ ಫೈಲಿನ ಮೇಲೆ ಅನುಮಾನ ಪಡಿ: ‘ಸುಡೋ ಡಿಎಂಇಎಸ್‌ಜಿ’ (sudo dmesg) ಕೊಟ್ಟಾಗ ಫರ್ಮ್‌ವೇರ್‌ ಹೆಸರಿನ ಜೊತೆ ‘ಎರರ್‌ -2’ ಕಂಡರೆ ಆ ಫೈಲ್‌ ಸಿಕ್ಕಿಲ್ಲ ಎಂದರ್ಥ.

ತಂಗಿಯದರಲ್ಲಿ ಆ ಪಟ್ಟಿ ತೋರಿಸಿದ ಕಾರ್ಡಿನ ಗುರುತು ಸಂಖ್ಯೆ 14ಇ4:4315, ಅಂದರೆ ಬ್ರಾಡ್‌ಕಾಮ್‌ ಬಿಸಿಎಂ4312. ಅದರ ಫರ್ಮ್‌ವೇರ್‌ ಅನ್ನು ಹಂಚಲು ಪರವಾನಗಿ ಬಿಡುವುದಿಲ್ಲವಾದ್ದರಿಂದ ಇನ್‌ಸ್ಟಾಲ್‌ ಆದ ಮೇಲೆ ನಾವೇ ಇಳಿಸಿಕೊಳ್ಳಬೇಕು. ಇಂಟರ್‌ನೆಟ್ಟಿಗೆ ಇಂಟರ್‌ನೆಟ್ಟೇ ಬೇಕು ಎಂಬ ಪೀಕಲಾಟಕ್ಕೆ ದಾರಿ ಇದೆ: ಫೋನನ್ನು ಚಾರ್ಜರ್‌ ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್‌ ಆನ್‌ ಮಾಡಿ, ಲಿನಕ್ಸ್‌ ಮಿಂಟ್‌ನಲ್ಲಾದರೆ ಡ್ರೈವರ್‌ ಮ್ಯಾನೇಜರ್‌ ತೆರೆಯಿರಿ. ತಂಗಿಯದು ಹತ್ತು ನಿಮಿಷದಲ್ಲಿ ಮುಗಿಯಿತು.

ಗಡಿಯಾರ 2010ರ ಆಸುಪಾಸಿನ ದಿನಾಂಕ ತೋರಿಸಿ ವೆಬ್‌ಸೈಟ್‌ಗಳೆಲ್ಲ ಸರ್ಟಿಫಿಕೇಟ್‌ ಸರಿಯಿಲ್ಲ ಎಂದರೆ, ಬೋರ್ಡಿನ ಸಿಆರ್‌2032 ಸೆಲ್‌ ತೀರಿರುತ್ತದೆ. ಬದಲಿಸಿ.

‘ಎಲ್‌ಎಸ್‌ಪಿಸಿಐ’ ಪಟ್ಟಿಯಲ್ಲಿ ವೈಫೈ ಕಾರ್ಡಿನ ಹೆಸರೇ ಬಾರದಿದ್ದರೆ ಬ್ಯಾಟರಿ ತೆಗೆದು, ಕಾರ್ಡನ್ನು ಕಳಚಿ ಮತ್ತೆ ಒತ್ತಿ ಕೂರಿಸಿ. ಆಗಲೂ ಬಾರದಿದ್ದರೆ ಈಗ ಎಸ್‌.ಪಿ. ರೋಡಿಗೆ ಹೊರಡಿ. ಯುಎಸ್‌ಬಿ ವೈಫೈ ಕೊಳ್ಳುವಾಗ ಡಬ್ಬಿಯ ಮೇಲಿನ ಬ್ರ್ಯಾಂಡ್‌ ನೋಡಬೇಡಿ, ಒಳಗಿನ ಚಿಪ್‌ ಕೇಳಿ; ಒಂದೇ ಮಾಡೆಲ್ಲಿನ ಬೇರೆ ಬೇರೆ ವರ್ಷನ್‌ಗಳಲ್ಲಿ ಚಿಪ್‌ ಬೇರೆ ಇರುವುದುಂಟು. ಅಥೆರಾಸ್‌ ಎಆರ್‌9271ಕ್ಕೆ ಡ್ರೈವರ್‌ ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನಲ್ಲೇ ಇದೆ. ಅಂಗಡಿಯವರಿಗೆ ಚಿಪ್‌ ಗೊತ್ತಿಲ್ಲವೆಂದರೆ, ‘ನಡೆಯದಿದ್ದರೆ ವಾಪಸ್‌’ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ.