ಓಟಿಜಿಯಲ್ಲಿ ಶೇಂಗಾ ಹುರಿಯುವುದು: ಹಿಂಡಿಗೂ ಹೋಳಿಗೆಗೂ

ಹುಬ್ಬಳ್ಳಿ-ಧಾರವಾಡದ ಅಡುಗೆಮನೆಯಲ್ಲಿ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಕೇಕಿಗಷ್ಟೇ ಮೀಸಲಾಗಿ ಕೂಡಬೇಕಿಲ್ಲ. ಹಿಂಡಿಗಾಗಲಿ (ಚಟ್ನಿಪುಡಿ), ಹೋಳಿಗೆಗಾಗಲಿ, ಶೇಂಗಾ ಹುರಿಯಲು ಬಾಣಲೆಗಿಂತ ಅದೇ ಹದ. ಆದರೆ ಗುಂಡಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಒಳಗಿನ ಶಾಖ 20 ಡಿಗ್ರಿ ಆಚೀಚೆ ಇರಬಹುದು. ಒಂದು ಓವನ್ ಥರ್ಮಾಮೀಟರ್ ಜಾಲರಿಗೆ ತೂಗುಹಾಕಿ ನೋಡಿ.

ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಚ್ಚಿ 160 ಡಿಗ್ರಿಗೆ 15 ನಿಮಿಷ ಖಾಲಿ ಓವನ್ ಕಾಯಿಸಿ. ಟ್ರೇ ನಡುವಿನ ಹಂತದಲ್ಲಿರಲಿ, ಕಾಳು ಒಂದೇ ಪದರ. ರಾಶಿ ಹಾಕಿದರೆ ಅಡಿಯವು ಕಪ್ಪಾಗಿ ಮೇಲಿನವು ಹಸಿ ಉಳಿಯುತ್ತವೆ. ಎಣ್ಣೆ ಬೇಡ. 18ರಿಂದ 22 ನಿಮಿಷ ಸಾಕು; ನಡುವೆ ಎರಡು ಸಲ ಕೈಯಾಡಿಸಿ, ಅಂಚಿನ ಕಾಳನ್ನು ಮಧ್ಯಕ್ಕೆ ತಳ್ಳಿ, ಬಾಗಿಲು ಬೇಗ ಮುಚ್ಚಿ.

ಬಿಸಿ ಕಾಳು ಮೆತ್ತಗೇ ಇರುತ್ತದೆ. ಗರಿಗರಿ ಆಗಿಲ್ಲವೆಂದು ಇನ್ನಷ್ಟು ಹುರಿದಿರೋ, ಹಿಂಡಿ ಕಹಿ. ಒಂದನ್ನು ಸೀಳಿ ನೋಡಿ: ಒಳಗೆ ತಿಳಿ ಹೊಂಬಣ್ಣ ಬಂದರೆ ಆಯಿತು. ತಕ್ಷಣ ಅಗಲ ತಾಟಿಗೆ ಸುರುವಿ. ಕಾದ ಟ್ರೇಯಲ್ಲಿ ಬಿಟ್ಟರೆ ಹುರಿಯುತ್ತಲೇ ಇರುತ್ತದೆ. ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ.

ಹಿಂಡಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕುವುದಾದರೆ ಓವನ್ ಆರಿಸಿ, ಶಾಖ 110 ಡಿಗ್ರಿಗೆ ಇಳಿದ ಮೇಲೆ ಐದು ನಿಮಿಷ ಇಡಿ. ಹೆಚ್ಚು ಕಾದರೆ ಆ ಕೆಂಪು ಉಳಿಯುವುದಿಲ್ಲ.