ಮನೆಯಲ್ಲೇ ಡ್ಯಾಕ್ ಕಟ್ಟೋಣ: ಚಿಪ್‌ಗಿಂತ ಮೊದಲು ಕರೆಂಟ್ ನೋಡಿ

ನಮ್ಮ ಬನಹಟ್ಟಿಯಲ್ಲಿ ಹಾಡು ಕೇಳುವುದೇನಿದ್ದರೂ ರಾತ್ರಿ. ಹಗಲೆಲ್ಲಾ ಓಣಿಯ ಎರಡೂ ಕಡೆ ಪವರ್‌ಲೂಮ್ ಸದ್ದು, ಗೋಡೆ ಸಹಿತ ಅದುರುತ್ತಿರುತ್ತದೆ. ಮಗ್ಗ ನಿಂತ ಮೇಲೆ ಮನೆ ಎಷ್ಟು ಶಾಂತ ಆಗುತ್ತದೆ ಅಂದರೆ ಸ್ಪೀಕರ್ ಒಳಗಿನ ಸಣ್ಣ ಗುಂಯ್ ಕೂಡ ಕೇಳಿಸುತ್ತದೆ. ನಾನು ಕಟ್ಟಿದ ಮೊದಲ ಡ್ಯಾಕ್, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಡಬ್ಬಿ, ಹೀಗೇ ಗುಂಯ್ ಅನ್ನುತ್ತಿತ್ತು. ಎಂಟು ಗಂಟೆಗೆ ಗುಂಯ್, ಹನ್ನೊಂದಕ್ಕೆ ತಾನಾಗಿಯೇ ಮಾಯ. ಕೇಬಲ್ ಬದಲಿಸಿದೆ, ಬೆಸುಗೆ ಮತ್ತೆ ಮಾಡಿದೆ, ಕೊನೆಗೆ ಬೋರ್ಡನ್ನೇ ಹೊಸದು ತರಿಸಿದೆ. ಏನೂ ಫರಕ್ ಆಗಲಿಲ್ಲ. ತಪ್ಪು ಬೋರ್ಡಿನಲ್ಲಿ ಇರಲಿಲ್ಲ, ನಾನು ಆರಿಸಿದ ಟ್ರಾನ್ಸ್‌ಫಾರ್ಮರ್‌ನಲ್ಲಿ ಇತ್ತು. ಅದರ ಕಥೆ ಮುಂದೆ ಹೇಳುತ್ತೇನೆ, ಮೊದಲು ಹಾಡು ಬರುವಂತೆ ಮಾಡೋಣ.

ಡ್ಯಾಕ್ ಮಾಡುವ ಕೆಲಸ ಇಷ್ಟೇ. ಸಿಡಿ ಮಟ್ಟದ ಹಾಡು ಅಂದರೆ ಸೆಕೆಂಡಿಗೆ 44,100 ಸಲ ಅಳೆದಿಟ್ಟ ಅಂಕಿಗಳು, ಒಂದೊಂದು ಅಂಕಿ 16 ಬಿಟ್, ಎಡ ಬಲ ಸೇರಿ ಸೆಕೆಂಡಿಗೆ 14,11,200 ಬಿಟ್. ಇವನ್ನು ಮತ್ತೆ ಏರಿಳಿಯುವ ವೋಲ್ಟೇಜ್ ಮಾಡಿ ಆಂಪ್ಲಿಫೈಯರ್‌ಗೆ ಕೊಡಬೇಕು. ಮೊಬೈಲ್, ಲ್ಯಾಪ್‌ಟಾಪ್ ಒಳಗೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಆದರೆ ನಮ್ಮದೇ ಡಬ್ಬಿ, ನಮ್ಮದೇ ಪವರ್ ಸಪ್ಲೈ ಆದರೆ ಯಾವುದು ಎಲ್ಲಿಂದ ಬರುತ್ತಿದೆ ಅಂತ ನಮಗೆ ಗೊತ್ತಿರುತ್ತದೆ, ಬೇಕಾದಾಗ ಒಂದೊಂದೇ ಭಾಗ ಸುಧಾರಿಸಬಹುದು.

ಶುರು ಮಾಡಲು ಪಿಸಿಎಂ 5102ಎ ಚಿಪ್ ಇರುವ ನೇರಳೆ ಬಣ್ಣದ ಸಣ್ಣ ಬೋರ್ಡ್ ತೆಗೆದುಕೊಳ್ಳಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಚಿಪ್ ಇದು. ಕೆಲವೇ ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. 112 ಡೆಸಿಬಲ್ ಸಿಗ್ನಲ್ ಟು ನಾಯ್ಸ್ (ಗದ್ದಲಕ್ಕಿಂತ ಹಾಡು ಎಷ್ಟು ಮೇಲಿದೆ ಅನ್ನುವ ಅಳತೆ) ಅಂತ ಕಂಪನಿಯವರೇ ಬರೆದಿದ್ದಾರೆ. 16 ಬಿಟ್ ಸಿಡಿಗೆ ಸುಮಾರು 96 ಸಾಕು, ಅಂದರೆ ಚಿಪ್ ಬಗ್ಗೆ ಚಿಂತೆ ಬೇಡ. ನನಗೆ ಇದು ಇಷ್ಟ ಆಗಲು ಎರಡು ಕಾರಣ. ಚಿಪ್‌ಗೆ ತಾಳ ಕೊಡುವ ಮಾಸ್ಟರ್ ಕ್ಲಾಕ್ ಬೇರೆ ಕೊಡಬೇಕಾಗಿಲ್ಲ, ಒಳಗಿನ ಪಿಎಲ್‌ಎಲ್ ಅನ್ನುವ ಸರ್ಕ್ಯೂಟ್ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಒಳಗೇ ಚಾರ್ಜ್ ಪಂಪ್ ಇದೆ, ಅದು ಮೈನಸ್ ವೋಲ್ಟೇಜ್ ತಯಾರಿಸುವುದರಿಂದ ಔಟ್‌ಪುಟ್ ಸೊನ್ನೆಯ ಸುತ್ತ ತೂಗುತ್ತದೆ. ಹಾಗಾಗಿ ಔಟ್‌ಪುಟ್‌ನಲ್ಲಿ ಡಿಸಿ ತಡೆಯುವ ಕೆಪಾಸಿಟರ್ ಬೇಕೇ ಇಲ್ಲ. ದುಬಾರಿ ಆಡಿಯೋ ಕೆಪಾಸಿಟರ್ ತಂದು ಇಲ್ಲಿ ಹಾಕುವವರನ್ನು ನೋಡಿದ್ದೇನೆ. ಸುಮ್ನೆ ದುಡ್ಡು ದಂಡ.

ಬೋರ್ಡ್ ಕೈಗೆ ಬಂದ ಕೂಡಲೇ ವೈರ್ ಹಚ್ಚಬೇಡಿ, ಮಗುಚಿ ಹಿಂಭಾಗ ನೋಡಿ. ಅಲ್ಲಿ 1ರಿಂದ 4ರವರೆಗೆ ನಂಬರ್ ಇರುವ ನಾಲ್ಕು ಜಾಗ ಇವೆ. ಒಂದೊಂದರಲ್ಲೂ ಮೂರು ಪುಟ್ಟ ಪ್ಯಾಡ್, ಒಂದು ಕಡೆ ಹೆಚ್, ಇನ್ನೊಂದು ಕಡೆ ಎಲ್. ನಡುವಿನ ಪ್ಯಾಡನ್ನು ಯಾವುದಾದರೂ ಒಂದು ಕಡೆಗೆ ಸೇರಿಸಬೇಕು. 1, 2 ಮತ್ತು 4 ಎಲ್ ಕಡೆಗೆ, 3 ಮಾತ್ರ ಹೆಚ್ ಕಡೆಗೆ. ಈ ಮೂರನೆಯದು ಮ್ಯೂಟ್ ಪಿನ್. ಇದನ್ನು ಮರೆತರೆ ಎಲ್ಲಾ ಸರಿ ಇದ್ದರೂ ಒಂದು ಸ್ವರವೂ ಹೊರಗೆ ಬರುವುದಿಲ್ಲ. ಪ್ಯಾಡ್‌ಗಳ ನಡುವಿನ ಸಂದು ಉಗುರಿನ ಗೆರೆಯಷ್ಟೇ. ಅಲ್ಲಿ ಸ್ವಲ್ಪ ಫ್ಲಕ್ಸ್ ಹಚ್ಚಿ, ಸೋಲ್ಡರಿಂಗ್ ಐರನ್ ತುದಿಗೆ ಅಕ್ಕಿ ಕಾಳಿಗಿಂತ ಚಿಕ್ಕದಾದ ತವರದ ಹನಿ ಹಿಡಿದು, ಎರಡೂ ಪ್ಯಾಡಿಗೆ ಒಟ್ಟಿಗೆ ತಾಗಿಸಿ, ಎರಡೆಣಿಸುವಷ್ಟರಲ್ಲಿ ಎತ್ತಿಬಿಡಿ. ಹನಿ ತಾನೇ ಹರಿದು ಎರಡನ್ನೂ ಕೂಡಿಸುತ್ತದೆ. ಮಲ್ಟಿಮೀಟರ್‌ನಲ್ಲಿ ಬೀಪ್ ಹಾಕಿ ನೋಡಿ, ಹೆಚ್ ಮತ್ತು ಎಲ್ ಎರಡೂ ಕೂಡಿಕೊಂಡಿದ್ದರೆ ಬೋರ್ಡಿನ ಪವರ್ ಶಾರ್ಟ್ ಆಗುತ್ತದೆ. ಮುಂಭಾಗದಲ್ಲಿ ಎಸ್‌ಸಿಕೆ, ಅಂದರೆ ಮಾಸ್ಟರ್ ಕ್ಲಾಕ್ ಪಿನ್ ಹತ್ತಿರ ಇನ್ನೊಂದು ಜೋಡಿ ಪ್ಯಾಡ್ ಇದೆ, ಅದನ್ನೂ ಕೂಡಿಸಿ. ಅಂದರೆ ಎಸ್‌ಸಿಕೆ ಗ್ರೌಂಡ್‌ಗೆ ಹೋಗುತ್ತದೆ. ಇದನ್ನು ಬಿಟ್ಟರೆ ಕಿರಕಿರ ಸದ್ದು ಬರಬಹುದು, ಆಮೇಲೆ ನೀವು ಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಹಾಡು ಕಳಿಸಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇರಲಿ, ಅದರಲ್ಲಿ ಝೀರೋ 2 ಡಬ್ಲ್ಯೂ ಮಾಡೆಲ್ ಸಾಕು. ಮೂರು ಡೇಟಾ ವೈರ್ ಅಷ್ಟೇ. ಬೋರ್ಡಿನ ಬಿಸಿಕೆ ಪೈಯ 12ನೇ ಪಿನ್‌ಗೆ, ಎಲ್‌ಸಿಕೆ 35ಕ್ಕೆ, ಡಿನ್ 40ಕ್ಕೆ. ಗ್ರೌಂಡ್ 39ಕ್ಕೆ. ಮೊದಲ ಸಲ ನೋಡಲು ಪವರ್ ಪೈಯಿಂದಲೇ ತೆಗೆದುಕೊಳ್ಳಿ, 4ನೇ ಪಿನ್‌ನಲ್ಲಿ 5 ವೋಲ್ಟ್ ಸಿಗುತ್ತದೆ. ಈ ವೈರ್ 10 ಸೆಂಟಿಮೀಟರ್ ಒಳಗಿರಲಿ. ಮೆಮೊರಿ ಕಾರ್ಡಿಗೆ ವಾಲ್ಯೂಮಿಯೋ ಅನ್ನುವ ಹಾಡು ನುಡಿಸುವ ಸಾಫ್ಟ್‌ವೇರ್ ಹಾಕಿ, ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಐ2ಎಸ್ ಡ್ಯಾಕ್ (ಈ ಮೂರು ಡೇಟಾ ವೈರ್‌ನ ದಾರಿಯ ಹೆಸರೇ ಐ2ಎಸ್) ಆನ್ ಮಾಡಿ, ಪಟ್ಟಿಯಲ್ಲಿ ಹೈಫೈಬೆರಿ ಡ್ಯಾಕ್ ಆರಿಸಿ, ರೀಸ್ಟಾರ್ಟ್ ಕೊಡಿ.

ಆಂಪ್ಲಿಫೈಯರ್ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. 100 ಹರ್ಟ್ಜ್‌ನ ಟೋನ್ ಫೈಲ್ ಒಂದನ್ನು ಪೂರ್ತಿ ವಾಲ್ಯೂಮ್‌ನಲ್ಲಿ ಓಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಎಡ ಚಾನೆಲ್, ಬಲ ಚಾನೆಲ್ ಎರಡನ್ನೂ ಅಳೆಯಿರಿ. ಫೈಲ್ ಫುಲ್ ಲೆವೆಲ್ ಇದ್ದರೆ 2.1 ವೋಲ್ಟ್ ಆಸುಪಾಸು ತೋರಿಸಬೇಕು. ಎರಡೂ ಒಂದೇ ಬಂದರೆ ನಿಮ್ಮ ಡ್ಯಾಕ್ ಕೆಲಸ ಮಾಡುತ್ತಿದೆ. ಬೋರ್ಡಿನ ಮೇಲೆ ಇಯರ್‌ಫೋನ್ ಸಾಕೆಟ್ ಕಾಣುತ್ತದೆ ಅಂತ ಇಯರ್‌ಫೋನ್ ಚುಚ್ಚಬೇಡಿ. ಈ ಚಿಪ್‌ಗೆ ಕನಿಷ್ಠ 1 ಕಿಲೋಓಮ್ ಲೋಡ್ ಬೇಕು, ಇಯರ್‌ಫೋನ್ ಬರೀ 16 ಅಥವಾ 32 ಓಮ್ ಇರುತ್ತದೆ. ಆ ಸಾಕೆಟ್ ಆಂಪ್ಲಿಫೈಯರ್‌ನ ಆಕ್ಸ್‌ಗೆ ಹೋಗಲಿಕ್ಕೆ.

ಇನ್ನು ಪವರ್. ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದದ್ದು ಇಲ್ಲೇ ಇದೆ. ಪೈಯ 5 ವೋಲ್ಟ್‌ನಲ್ಲಿ ಪ್ರೊಸೆಸರ್, ವೈಫೈ ಎಲ್ಲದರ ಗದ್ದಲ ತುಂಬಿರುತ್ತದೆ. ಹಾಡು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಟ್ವೀಟರ್‌ಗೆ ಕಿವಿ ಇಟ್ಟರೆ ಚಿಂವ್ ಚಿಂವ್ ಅಂತ ಕೇಳಿಸುತ್ತದಲ್ಲ, ಅದೇ ಅದು. ಹಾಗಾಗಿ ಡ್ಯಾಕ್‌ಗೆ ಬೇರೆ ಲೀನಿಯರ್ ಸಪ್ಲೈ ಕಟ್ಟಿ. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್‌ನ ಬ್ರಿಜ್, 2200 ಮೈಕ್ರೋಫ್ಯಾರಡ್ ಕೆಪಾಸಿಟರ್, ವೋಲ್ಟೇಜನ್ನು 5ಕ್ಕೆ ಹಿಡಿದಿಡುವ 7805 ರೆಗ್ಯುಲೇಟರ್. ಆಮೇಲೆ ಪೈಯಿಂದ ಬರುತ್ತಿದ್ದ 5 ವೋಲ್ಟ್ ವೈರ್ ಕಿತ್ತುಹಾಕಿ, ಗ್ರೌಂಡ್ ವೈರ್ ಮಾತ್ರ ಹಾಗೇ ಇರಲಿ. ಅದಿಲ್ಲದಿದ್ದರೆ ಡೇಟಾ ಓದಲು ಆಗುವುದಿಲ್ಲ.

ನಾನು ತಪ್ಪಿದ್ದು ಟ್ರಾನ್ಸ್‌ಫಾರ್ಮರ್‌ನಲ್ಲಿ ಅಂದೆನಲ್ಲ. 5 ವೋಲ್ಟ್ ಬೇಕು, 6 ವೋಲ್ಟ್‌ನದು ಸಾಕು ಅಂದುಕೊಂಡು 6-0-6 ತಂದಿದ್ದೆ. ಪುಸ್ತಕದ ಲೆಕ್ಕಕ್ಕೆ 230 ವೋಲ್ಟ್‌ನಲ್ಲಿ ಅದು ಅಂಚಿನಲ್ಲಿ ನಡೆಯುತ್ತದೆ. ಆದರೆ ಸಂಜೆ ಎಂಟಕ್ಕೆ ನಮ್ಮ ಓಣಿಯ ಮಗ್ಗ ನಿಂತಿದ್ದರೂ ಬೇರೆ ಓಣಿಗಳದ್ದು ಓಡುತ್ತಿರುತ್ತವೆ, ಎಲ್ಲರ ಮನೆಯಲ್ಲೂ ದೀಪ, ಮಿಕ್ಸರ್. ಒಂದು ದಿನ ಬೇಸತ್ತು ಸಾಕೆಟ್‌ಗೇ ಮಲ್ಟಿಮೀಟರ್ ಹಿಡಿದೆ. ಎಂಟಕ್ಕೆ 170 ಇತ್ತು, ಹನ್ನೊಂದಕ್ಕೆ 225. ಆಗ ತಲೆಗೆ ಹೊಳೆಯಿತು. 170ರಲ್ಲಿ 6 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಕೊಡುವುದು ಸುಮಾರು 4.4. ಅದನ್ನು 1.414ರಿಂದ ಗುಣಿಸಿದರೆ ತುದಿ 6.3, ಎರಡು ಡಯೋಡ್‌ನಲ್ಲಿ 1.4 ಹೋಯಿತು, ಉಳಿದದ್ದು 4.9. ಲೋಡ್ ಕಡಿಮೆ ಇದ್ದಾಗ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿಯೇ ಕೊಡುತ್ತದೆ, ಆದರೂ 7 ಮುಟ್ಟುವುದಿಲ್ಲ. 7805 ಸರಿಯಾಗಿ ಹಿಡಿದು ನಿಲ್ಲಲು ಸುಮಾರು 7 ವೋಲ್ಟ್ ಬೇಕು. ಅದು ಕೈಬಿಟ್ಟ ಕೂಡಲೇ ಕೆಪಾಸಿಟರ್ ಮೇಲಿನ 100 ಹರ್ಟ್ಜ್ ಅಲೆ ಸೀದಾ ಒಳಗೆ ನುಗ್ಗುತ್ತದೆ. ಗುಂಯ್ ಅನ್ನುತ್ತಿದ್ದದ್ದು ಅದೇ.

9 ವೋಲ್ಟ್‌ನದು ಹಾಕಿದರೆ ಅದೇ 170ರಲ್ಲೂ 8 ವೋಲ್ಟ್ ಉಳಿಯುತ್ತದೆ. 9-0-9, 500 ಮಿಲಿಆಂಪ್‌ನದು ತಂದು ಅರ್ಧ ಭಾಗ, ಅಂದರೆ 0 ಮತ್ತು ಒಂದು ಕಡೆಯ 9ರ ವೈರ್ ಮಾತ್ರ ಬಳಸಿ. ಕೆಪಾಸಿಟರ್ 25 ವೋಲ್ಟ್‌ನದೇ ಇರಲಿ, 16ರದ್ದು ಬೇಡ. ನಡುರಾತ್ರಿ ಲೈನ್ 250ಕ್ಕೆ ಏರಿದಾಗ ಇದೇ ಟ್ರಾನ್ಸ್‌ಫಾರ್ಮರ್ 14, 15 ವೋಲ್ಟ್ ತುಂಬಿಬಿಡುತ್ತದೆ. ಡಯೋಡ್ 1ಎನ್ 4007 ನಡೆಯುತ್ತದೆ, ಆದರೆ 1ಎನ್ 5819 ಶಾಟ್ಕಿ ಹಾಕಿದರೆ ಡಯೋಡ್‌ನಲ್ಲಿ ಹೋಗುವ ವೋಲ್ಟೇಜ್ ಅರ್ಧ ಉಳಿಯುತ್ತದೆ. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಪಂಪ್‌ಸೆಟ್ ಶುರುವಾದಾಗ ದೀಪ ಮಂಕಾಗುವುದನ್ನು ನೋಡಿದವರಿಗೆ ಈ ಲೆಕ್ಕ ಬೇಕೇ ಬೇಕು.

230 ವೋಲ್ಟ್ ಕಡೆ ಹುಷಾರು. ಫೇಸ್ ವೈರ್‌ಗೆ 250 ಮಿಲಿಆಂಪ್‌ನ ಫ್ಯೂಸ್, ಪ್ರತಿ ಜೋಡಣೆಗೂ ಸ್ಲೀವ್, ಕಬ್ಬಿಣದ ಡಬ್ಬಿಯಾದರೆ ಮೂರು ಪಿನ್‌ನ ಪ್ಲಗ್ ಮತ್ತು ಡಬ್ಬಿಗೆ ಸ್ಕ್ರೂ ಹಾಕಿ ಬಿಗಿದ ಅರ್ಥ್ ವೈರ್. ಪ್ಲಗ್ ತೆಗೆಯದೆ ಡಬ್ಬಿ ತೆರೆಯಬೇಡಿ. ಈ ಕೆಲಸ ಹೊಸದಾದರೆ ವೈರಿಂಗ್ ಗೊತ್ತಿರುವವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ.

ಆಮೇಲೂ ಗುಂಯ್ ಉಳಿದರೆ ಅದರ ಸ್ವರ ಗಮನಿಸಿ. ದಪ್ಪ, ಆಳದ 50 ಹರ್ಟ್ಜ್ ಆದರೆ ಗ್ರೌಂಡ್ ಲೂಪ್, ಅಂದರೆ ಡ್ಯಾಕ್ ಒಂದು ದಾರಿಯಲ್ಲಿ, ಆಂಪ್ಲಿಫೈಯರ್ ಇನ್ನೊಂದು ದಾರಿಯಲ್ಲಿ ಅರ್ಥ್ ಮುಟ್ಟಿವೆ, ಅವೆರಡರ ನಡುವೆ ಕೇಬಲ್ ಮೂಲಕ ಕರೆಂಟ್ ಸುತ್ತುತ್ತಿದೆ. ಎರಡನ್ನೂ ಒಂದೇ ಸಾಕೆಟ್ ಬೋರ್ಡಿಗೆ ಹಾಕಿ. ಸಿಗ್ನಲ್ ಗ್ರೌಂಡನ್ನು ಡಬ್ಬಿಗೆ ನೇರ ಕೂಡಿಸಬೇಡಿ, 10 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಜೋಡಿ ಮೂಲಕ ಕೂಡಿಸಿ. ಆರ್‌ಸಿಎ ಸಾಕೆಟ್ ಡಬ್ಬಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಇರಲಿ. ಗುಂಯ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ, ಅದು ಜೀವದ ಪ್ರಶ್ನೆ.

ಇನ್ನೊಂದು ನಮ್ಮ ಕಡೆಯ ಸಂಗತಿ. ಬರಿಗಾಲಲ್ಲಿ ನಿಂತು ಆಂಪ್ಲಿಫೈಯರ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಲ್ವಾ? ಪೈಗೆ ಹಾಕಿದ ಎರಡು ಪಿನ್‌ನ ಚಾರ್ಜರ್ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಸೋರುವ ಕರೆಂಟ್ ಅದು. ಆಂಪ್ಲಿಫೈಯರ್‌ಗೆ ಸರಿಯಾದ ಅರ್ಥ್ ಇದ್ದರೆ ಸೋರಿದ್ದು ನೆಲಕ್ಕೆ ಹೋಗುತ್ತದೆ. ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದಾಗ ಅರ್ಥ್ ಗುಂಡಿ ಕೆಲಸ ಮಾಡುವುದು ಕಡಿಮೆ ಆಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ. ನಮ್ಮ ಮನೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆ ಎರಡು ಕೊಡ ನೀರು ಅದಕ್ಕೇ ಮೀಸಲು. ಕೈ ಹಚ್ಚಿ ನೋಡಿದರೆ ಆ ಜುಮ್ ಈಗ ಇಲ್ಲ. ಜೋರಾಗಿ ಶಾಕ್ ಹೊಡೆಯುತ್ತಿದ್ದರೆ ಮಾತ್ರ ಅದು ಬೇರೆ ದೋಷ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಇಷ್ಟೆಲ್ಲಾ ಆದ ಮೇಲೆ ಅಪ್‌ಗ್ರೇಡ್. ನಾನು ಮೊದಲು 7805 ತೆಗೆದು ಎಲ್‌ಟಿ 3045 ರೆಗ್ಯುಲೇಟರ್ ಇರುವ ಸಣ್ಣ ಬೋರ್ಡ್ ಹಾಕಿದೆ. ಅದರ ನಾಯ್ಸ್ 0.8 ಮೈಕ್ರೋವೋಲ್ಟ್, 7805ರ ಮುಂದೆ ಏನೇನೂ ಅಲ್ಲ. ಇನ್ನೂ ಒಳ್ಳೆಯದು ಅಂದರೆ ಇದಕ್ಕೆ ಅರ್ಧ ವೋಲ್ಟ್‌ಗಿಂತ ಕಡಿಮೆ ಅಂತರ ಸಾಕು, ಸಂಜೆ ಲೈನ್ ಇಳಿದರೂ ಕೈಬಿಡುವುದಿಲ್ಲ. ಬೋರ್ಡ್ ಮೇಲಿನ 3.3 ವೋಲ್ಟ್ ರೆಗ್ಯುಲೇಟರ್ ಕಿತ್ತು ನೇರ 3.3 ಕೊಡುವವರೂ ಇದ್ದಾರೆ. ಕೈ ಪಳಗಿದ್ದರೆ ಮಾಡಿ, ಆದರೆ ಚಿಪ್ 3.9 ವೋಲ್ಟ್ ದಾಟಿದರೆ ಉಳಿಯುವುದಿಲ್ಲ, ಹಚ್ಚುವ ಮೊದಲು ಅಳೆಯಿರಿ. ಎರಡನೆಯದು ಔಟ್‌ಪುಟ್ ಫಿಲ್ಟರ್. ಚಿಪ್ ಕಂಪನಿ ಹೇಳುವುದು 470 ಓಮ್ ಮತ್ತು 2.2 ನ್ಯಾನೋಫ್ಯಾರಡ್, ಅದು 150 ಕಿಲೋಹರ್ಟ್ಜ್ ಮೇಲಿನ ಕಸ ತಡೆಯುತ್ತದೆ. ಆ ಕೆಪಾಸಿಟರ್ ಎನ್‌ಪಿ0 ಜಾತಿಯದು ಹಾಕಿ, ವೋಲ್ಟೇಜ್ ಏರಿಳಿದರೂ ಅದರ ಬೆಲೆ ಬದಲಾಗುವುದಿಲ್ಲ. ಡೇಟಾ ವೈರ್‌ಗಳಲ್ಲಿ ಪೈ ಕಡೆ ತಲಾ 33 ಓಮ್ ರೆಸಿಸ್ಟರ್ ಹಾಕಿದರೆ ಸಿಗ್ನಲ್ ಅಂಚು ಚಿಮ್ಮುವುದು ಕಡಿಮೆ ಆಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿ. ಎರಡು ಡ್ಯಾಕ್ ಹೋಲಿಸುವಾಗ ಅದೇ 100 ಹರ್ಟ್ಜ್ ಟೋನ್ ಇಟ್ಟು ಎರಡರ ವೋಲ್ಟೇಜ್ ಸರಿಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ, ಆ ಮೋಸಕ್ಕೆ ಎಲ್ಲರೂ ಬೀಳುತ್ತಾರೆ. ನಾನು ಕೇಳುವುದು ತಂಬೂರಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಯಾವುದೇ ರೆಕಾರ್ಡಿಂಗ್ ಹಾಕಿ, ಅವರು ಸ್ವರ ಬಿಟ್ಟು ಸುಮ್ಮನಾಗುವ ಜಾಗಕ್ಕೆ ಕಾಯಿರಿ. ತಂಬೂರಿಯ ತಂತಿ ಮೀಟಿದ ಮೇಲೆ ನಾದ ಎಷ್ಟು ದೂರ ಎಳೆಯುತ್ತದೆ, ಎಲ್ಲಿ ಕರಗುತ್ತದೆ ಅಂತ ಗಮನಿಸಿ. 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇದ್ದಾಗ ಆ ಬಾಲ ಗುಂಯ್‌ನಲ್ಲಿ ಮುಳುಗಿಹೋಗುತ್ತಿತ್ತು. ಈಗ ಮುಂದಿನ ಮೀಟು ಬರುವವರೆಗೂ ಕೇಳಿಸುತ್ತದೆ. ಹಳೆಯ ರೆಕಾರ್ಡಿಂಗ್‌ನಲ್ಲಿ ಸಣ್ಣಗೆ ಸುಂಯ್ ಅಂತ ಇರುವುದು ಟೇಪಿನದು, ಅದಕ್ಕೆ ಡ್ಯಾಕ್ ಬಿಚ್ಚಬೇಡಿ.

ಕೊನೆಯ ಮೆಟ್ಟಿಲು ಕ್ಲಾಕ್. ಪೈ ತನ್ನ ಕ್ರಿಸ್ಟಲ್‌ನಿಂದ 44.1 ಕಿಲೋಹರ್ಟ್ಜ್ ಕುಟುಂಬದ ಗಡಿಯಾರವನ್ನು ಸಮವಾಗಿ ಭಾಗಿಸಿ ಪಡೆಯಲು ಆಗುವುದಿಲ್ಲ, ಸರಾಸರಿಯಲ್ಲಿ ಹೊಂದಿಸುತ್ತದೆ, ಅದರಿಂದ ಜಿಟರ್, ಅಂದರೆ ತಾಳದಲ್ಲಿ ಸಣ್ಣ ಹಿಂದುಮುಂದು ಬರುತ್ತದೆ. ಇದಕ್ಕೆ ಪಿಸಿಎಂ 5122 ಚಿಪ್ ಮತ್ತು ಎರಡು ಕ್ರಿಸ್ಟಲ್ ಇರುವ ಬೋರ್ಡ್ ಸಿಗುತ್ತವೆ. 22.5792 ಮೆಗಾಹರ್ಟ್ಜ್‌ನದು 44.1ರ ಹಾಡಿಗೆ, 24.576ರದ್ದು 48ರ ಹಾಡಿಗೆ. ಅಲ್ಲಿ ತಾಳ ಹಾಕುವುದು ಡ್ಯಾಕ್, ಪೈ ಅದನ್ನು ಅನುಸರಿಸುತ್ತದೆ. ಕೊಳ್ಳುವಾಗ ಡ್ಯಾಕ್ ಭಾಗಕ್ಕೆ ಬೇರೆ ಪವರ್ ಕೊಡುವ ಜಾಗ ಇದೆಯೇ ಅಂತ ನೋಡಿಕೊಳ್ಳಿ. ಅಲ್ಲಿ 5 ವೋಲ್ಟ್ ಕೇಳುತ್ತಿದ್ದರೆ ಈಗ 9 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಿಂದ ಕಟ್ಟಿದ 5 ವೋಲ್ಟ್ ಸಪ್ಲೈ, ಅದೇ ಡಬ್ಬಿ, ಅದೇ ಅರ್ಥ್ ವೈರ್ ಅದಕ್ಕೂ ಆಗುತ್ತದೆ.